ಎರಡು ಬಾಗಿಲಿನ ಕಾಂಟೆಸ್ಸಾ

ಇಂದಿರಾನಗರ, ಬೆಂಗಳೂರು
14 ಏಪ್ರಿಲ್ 2025

ಪ್ರಿಯ ವೆಂಕಟಾಚಲ ಅವರಿಗೆ,

ವಯಸ್ಸಿನಲ್ಲಿ ನೀವು ದೊಡ್ಡವರು, ಸಂಬಂಧದಲ್ಲಿ ನಾನು ದೊಡ್ಡವಳು. ಹಾಗಾಗಿ ನಮಸ್ಕಾರ, ಆಶೀರ್ವಾದ ಎರಡನ್ನೂ ಬರೆದಿದ್ದೇನೆ, ಬೇಕಾದ್ದು ತೆಗೆದುಕೊಳ್ಳಿ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿಮಗೆ ಅರ್ಧ ಮಾತು ಕೇಳಿಸುವುದಿಲ್ಲ. ಕೇಳಿಸದ ಅರ್ಧಕ್ಕೆಲ್ಲ ‘ಆಯ್ತು ಆಯ್ತು’ ಅನ್ನುತ್ತೀರಿ. ಈ ವಿಷಯದಲ್ಲಿ ನನಗೆ ಅಂಥ ‘ಆಯ್ತು’ ಬೇಡ, ತಿಳಿದು ಹೇಳಿದ್ದು ಬೇಕು.

ನಿಮ್ಮಣ್ಣನ ಕಪ್ಪು ಕಾಂಟೆಸ್ಸಾದ ವಿಷಯ. ಅವರು ಹೋದ ಮೇಲೆ ಕಾರು ನನ್ನ ಹೆಸರಿಗೆ ಬಂದಿದೆ, ನಿಜ. ಆದರೆ ನೀವು ಭಿಲಾಯಿಗೆ ಹೋಗುವ ಮುಂಚೆ ಅಣ್ಣತಮ್ಮ ಎಷ್ಟೋ ಭಾನುವಾರಗಳನ್ನು ಅದರ ಕೆಳಗೆ ಮಲಗಿಯೇ ಕಳೆದವರು. ನಾನು ಕಾಫಿ ತಂದರೆ ನಾಲ್ಕು ಪಾದಗಳು ಮಾತ್ರ ಕಾಣುತ್ತಿದ್ದವು, ಲೋಟ ಯಾವ ಪಾದದ ಹತ್ತಿರ ಇಡಬೇಕೆಂದು ತಿಳಿಯುತ್ತಿರಲಿಲ್ಲ. ಅದು ನಿಮ್ಮದೂ ಹೌದು ಅಂತಲೇ ನನ್ನ ಲೆಕ್ಕ. ಅದಕ್ಕೇ ಕೇಳುತ್ತಿದ್ದೇನೆ.

ಹೋದ ವರ್ಷ ಟಿನ್ ಫ್ಯಾಕ್ಟರಿ ಜಂಕ್ಷನ್ನಿನಲ್ಲಿ ಸ್ಕೂಟರಿನಿಂದ ಬಿದ್ದೆನಲ್ಲ, ಆಗಿನಿಂದ ನನ್ನ ಎಡಮಂಡಿ ಮಡಚುವುದಿಲ್ಲ. ಇನ್ನು ಮಡಚುವುದೂ ಇಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ. ಕೋಲು ಹಿಡಿದು ನಡೆಯುತ್ತೇನೆ, ಅಡುಗೆ ಮಾಡುತ್ತೇನೆ, ತರಕಾರಿಯವನ ಜೊತೆ ಜಗಳ ಆಡುತ್ತೇನೆ. ಆ ಕಾರಿನೊಳಗೆ ಹೋಗಲು ಮಾತ್ರ ಆಗುತ್ತಿಲ್ಲ. ಮುಂದಿನ ಬಾಗಿಲು ಗಿಡ್ಡ, ನೆಟ್ಟಗೆ ಚಾಚಿಕೊಂಡ ಕಾಲು ಉದ್ದ. ಹೋದ ತಿಂಗಳು ಮಗಳು ಚಿನ್ಮಯಿ ಹೊರಗಿನಿಂದ ತಳ್ಳಿದಳು, ನಾನು ಸ್ಟೀರಿಂಗ್ ಹಿಡಿದು ಎಳೆದುಕೊಂಡೆ, ಕೊನೆಗೆ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಹಾಕಿಕೊಂಡೆ. ಬೀದಿಯವರೆಲ್ಲ ನೋಡಿದರು. ಅಲ್ಲಿ ನಕ್ಕೆ, ಮನೆಯೊಳಗೆ ಬಂದು ಅತ್ತುಬಿಟ್ಟೆ.

ಶಿವಾಜಿನಗರದ ಗಯಾಜ್ ಗೊತ್ತಲ್ಲ, ನಿಮ್ಮಣ್ಣ ಟಿಂಕರಿಂಗ್ ಕೆಲಸಕ್ಕೆ ಅವರ ಗ್ಯಾರೇಜಿಗೇ ಹೋಗುತ್ತಿದ್ದರು. ಮನೆಗೆ ಕರೆಸಿದೆ. ಕಾರಿನ ಸುತ್ತ ಓಡಾಡಿ ನೋಡಿ ಹೇಳಿದರು: “ಅಮ್ಮಾ, ಡೋರ್ ಲಂಬಾ, ಉದ್ದ ಮಾಡ್ಬೇಕು. ಎರಡ್ ಡೋರ್ ನಡುವೆ ಇರೋ ಈ ಕಂಬ ಕಟ್ ಮಾಡಿ ಹಿಂದೆ ತಗೊಂಡು ಹೋಗ್ಬೇಕು. ಹಿಂದಿನ್ ಡೋರ್ ಬಂದ್. ನಾಲ್ಕ್ ಡೋರ್ ಗಾಡಿ ಎರಡ್ ಡೋರ್ ಆಗ್ತದೆ. ಆಮೇಲೆ ನೀವು ಆರಾಮಾಗಿ ಹತ್ಬೋದು.” ಬಾಗಿಲಷ್ಟೇ ಅಲ್ಲ, ಕಾರಿನ ಆಕಾರವೇ ಬದಲಾಗುತ್ತದೆ ಅಂತಲೂ ಎಚ್ಚರಿಸಿದರು. ಸರ್ಕಾರದ ಅನುಮತಿ ಬೇಕಂತೆ, ಕಾಲಿನ ಕಾರಣಕ್ಕೆ ಸಿಗುತ್ತದಂತೆ.

ನಿಮ್ಮ ಒಪ್ಪಿಗೆ ಬೇಕು. ಬೇಗ ಬರೆಯಿರಿ.

ನಿಮ್ಮ ಅತ್ತಿಗೆ,
ಶಾಂತಕುಮಾರಿ


ಭಿಲಾಯಿ
2 ಮೇ 2025

ಪೂಜ್ಯ ಅತ್ತಿಗೆಯವರಿಗೆ ವೆಂಕಟಾಚಲನ ನಮಸ್ಕಾರಗಳು.

ಆಶೀರ್ವಾದವನ್ನೇ ತೆಗೆದುಕೊಂಡಿದ್ದೇನೆ. ಒಪ್ಪಿಗೆ ಮಾತ್ರ ಕೊಡಲಾರೆ.

ತಾವು ಏನು ಕೇಳುತ್ತಿದ್ದೀರಿ ಎಂದು ತಮಗೆ ತಿಳಿದಿದೆಯೋ ಇಲ್ಲವೋ. ಆ ಕಾರು ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇದೆ. ಬಣ್ಣ ಅದೇ, ಸೀಟಿನ ಬಟ್ಟೆ ಅದೇ, ಗಾಜಿನ ಮೇಲಿನ ಮುದ್ರೆ ಕೂಡ ಅದೇ. ಒಂದು ಹಿಂಬದಿಯ ದೀಪದ ಗಾಜು ಒಡೆದಾಗ ಅಣ್ಣ ಬೇರೆ ಗಾಜು ಹಾಕಿಸಲು ಒಪ್ಪದೆ, ಅಂಥದೇ ಸಿಗುವ ತನಕ ಕಾರನ್ನು ಹೊರಗೆ ತೆಗೆಯಲಿಲ್ಲ. ದೇಶದಲ್ಲಿ ಅಂಥ ಕಾರುಗಳು ಎಷ್ಟೋ ಇದ್ದವು. ಒಬ್ಬರು ಛಾವಣಿ ಕತ್ತರಿಸಿದರು, ಒಬ್ಬರು ಮೂತಿ ಬದಲಿಸಿದರು, ಒಬ್ಬರು ಹಿಂದೆ ರೆಕ್ಕೆ ಅಂಟಿಸಿದರು. ಹಾಗೇ ಉಳಿದಿರುವ ಕೆಲವೇ ಕೆಲವು ಕಾರುಗಳಲ್ಲಿ ನಮ್ಮಣ್ಣನದೂ ಒಂದು. ನಾಲ್ಕು ಬಾಗಿಲಿನದನ್ನು ಎರಡು ಬಾಗಿಲಿನದನ್ನಾಗಿ ಮಾಡಿದ ಮೇಲೆ ಅದು ಕಾಂಟೆಸ್ಸಾ ಅಲ್ಲ. ಅಣ್ಣ ಇದ್ದಿದ್ದರೆ ಈ ಮಾತು ಆ ಮನೆಯಲ್ಲಿ ಏಳುತ್ತಲೇ ಇರಲಿಲ್ಲ.

ತಮ್ಮ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದು ತಿಳಿಯಬೇಡಿ. ಅದಕ್ಕೇ ಒಂದು ವಾರ ಕೂತು ಒಂದು ನಕ್ಷೆ ತೆಗೆದು ಇದರೊಂದಿಗೆ ಕಳಿಸಿದ್ದೇನೆ. ಎಡಗಡೆಯ ಮುಂದಿನ ಸೀಟಿನ ಕೆಳಗೆ ಒಂದು ತಿರುಗುವ ತಟ್ಟೆ ಕೂರಿಸಬೇಕು. ಸೀಟನ್ನು ಬಾಗಿಲ ಕಡೆ ತಿರುಗಿಸಿ ತಾವು ಕೂತುಕೊಳ್ಳಬಹುದು. ಕೂತ ಮೇಲೆ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಒರಗಿಕೊಂಡು, ಕಾಲು ಒಳಗೆ ತೆಗೆದುಕೊಂಡು ತಿರುಗಿದರಾಯಿತು. ಎಡಗಡೆಯಿಂದ ಹತ್ತುವಾಗ ಎಡಗಾಲು ಕೊನೆಗೆ ಬರುವುದರಿಂದ ಜಾಗ ಸಾಲುತ್ತದೆ, ಲೆಕ್ಕ ಹಾಕಿ ನೋಡಿದ್ದೇನೆ. ತಗಡಿಗೆ ಒಂದು ಗೀರೂ ಬೀಳುವುದಿಲ್ಲ. ಚಿನ್ಮಯಿಯೋ ಬೇರೆ ಯಾರೋ ಓಡಿಸಲಿ, ತಾವು ಹಾಯಾಗಿ ಪಕ್ಕದಲ್ಲಿ ಕೂತು ಸುತ್ತಿ ಬನ್ನಿ.

ಗಯಾಜ್ ಒಳ್ಳೆಯ ಮನುಷ್ಯನೇ. ಆದರೆ ಕತ್ತರಿ ಕೈಯಲ್ಲಿ ಇದ್ದವರಿಗೆ ಎಲ್ಲವೂ ಬಟ್ಟೆಯಂತೆ ಕಾಣುತ್ತದೆ.

ತಮ್ಮ ವಿಧೇಯ,
ವೆಂಕಟಾಚಲ


ಇಂದಿರಾನಗರ
12 ಮೇ 2025

ವೆಂಕಟಾಚಲ ಅವರೇ,

ನಕ್ಷೆ ಬಂತು. ತುಂಬ ಚೆನ್ನಾಗಿದೆ. ಗಯಾಜ್‌ಗೆ ತೋರಿಸಿದೆ, ಅವರೂ “ಸಾಬ್ ಕಾ ಕೈ ಸೂಪರ್” ಅಂದರು. ಆದರೆ ನೀವು ಮಾಡಿಕೊಟ್ಟಿರುವುದು ಎಡಗಡೆಯ ಸೀಟನ್ನು. ನನಗೆ ಬೇಕಿರುವುದು ಬಲಗಡೆಯದು.

ಹೌದು, ನಾನು ಓಡಿಸಬೇಕು.

ಹೋದ ಪತ್ರದಲ್ಲೇ ಬಿಡಿಸಿ ಬರೆಯಬೇಕಿತ್ತೇನೋ. ಸ್ಟೀರಿಂಗ್ ಹಿಡಿದು ಎಳೆದುಕೊಂಡೆ ಅಂತ ಬರೆದಿದ್ದೆ, ನೀವು ಓದಿದರೂ ನಿಮಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ. ನೀವಿಬ್ಬರೂ ನನ್ನನ್ನು ಆ ಬದಿಯಲ್ಲಿ ನೋಡಿದವರೇ ಅಲ್ಲ. ಮದುವೆಯಾದಾಗಿನಿಂದ ನಾನು ಎಡಗಡೆ. “ನೀನು ಹಾಯಾಗಿ ಕೂತ್ಕೋ ಶಾಂತಾ, ನಾನಿದ್ದೀನಲ್ಲ” ಅನ್ನುತ್ತಿದ್ದರು ನಿಮ್ಮಣ್ಣ. ಪ್ರೀತಿಯಿಂದಲೇ ಅನ್ನುತ್ತಿದ್ದರು, ಇಲ್ಲ ಅನ್ನುವುದಿಲ್ಲ. ನೀವೂ ಈಗ ಪ್ರೀತಿಯಿಂದಲೇ ಹಾಯಾಗಿ ಕೂರಿ ಅಂದಿದ್ದೀರಿ. ಹಾಯಾಗಿ ಕೂತು ಕೂತು ನನಗೆ ಸಾಕಾಗಿದೆ ರೀ.

ನಿಮಗೆ ಗೊತ್ತಿಲ್ಲದ್ದೊಂದು ಹೇಳುತ್ತೇನೆ. ಅವರು ಹೋದ ಮೇಲೆ ಬ್ಯಾಟರಿ ಸಾಯಬಾರದು ಅಂತ ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡುತ್ತಿದ್ದೆ. ಲೈಸೆನ್ಸು ನನ್ನ ಹತ್ತಿರ ಯಾವಾಗಿನಿಂದಲೋ ಇತ್ತು, ವಿಮಾ ಕಚೇರಿಯಲ್ಲಿದ್ದಾಗ ಗೆಳತಿಯರ ಜೊತೆ ಸೇರಿ ಮಾಡಿಸಿದ್ದು. ಒಂದು ದಿನ ಗೇಟು ತೆಗೆದೆ. ಹಲಸೂರು ಕೆರೆಯ ತನಕ ಹೋಗಿ ಬಂದೆ. ಆಮೇಲೆ ದಿನಾ ಹೋದೆ. ಗಂಡ ಹೋದ ದುಃಖದಲ್ಲಿ ಇರಬೇಕಾದವಳು ಬೆಳಗಿನ ಹೊತ್ತು ಓಲ್ಡ್ ಮದ್ರಾಸ್ ರೋಡಿನಲ್ಲಿ ಅವರ ಕಾರಿನ ಹಾರ್ನ್ ಹೊಡೆಯುತ್ತಿದ್ದೆ ಅಂತ ಯಾರಿಗೆ ಹೇಳಲಿ? ದುಃಖ ಇರಲಿಲ್ಲ ಅಂತಲ್ಲ. ಅದೂ ಇತ್ತು, ಇದೂ ಇತ್ತು. ಆ ಕಾರಿನಲ್ಲಿ ಬಲಗಡೆ ಕೂತರೆ ರಸ್ತೆಯೇ ಬೇರೆ ಕಾಣುತ್ತದೆ, ವೆಂಕಟಾಚಲ ಅವರೇ. ಮುಂದೆ ಆ ಅಗಲ ಬಾನೆಟ್ಟು, ಅದರ ಆಚೆ ಊರು.

ಸ್ಕೂಟರಿನಿಂದ ಬಿದ್ದಾಗ ಆಸ್ಪತ್ರೆಯಲ್ಲಿ ನಾನು ಮೊದಲು ಯೋಚಿಸಿದ್ದು ಕಾಲನ್ನಲ್ಲ, ಕ್ಲಚ್ಚನ್ನು. ಅದಕ್ಕೂ ಗಯಾಜ್ ದಾರಿ ಹೇಳಿದ್ದಾರೆ. ಗೇರಿನ ಹಿಡಿಯ ಮೇಲೆ ಒಂದು ಗುಂಡಿ, ಅದನ್ನು ಒತ್ತಿದರೆ ಕ್ಲಚ್ಚು ತಾನೇ ಕೂರುತ್ತದೆ. ಬಲಗಾಲು ಗಟ್ಟಿಮುಟ್ಟಾಗಿದೆ. ಬಲಗಡೆಯಿಂದ ಹತ್ತುವಾಗ ಈ ಮಡಚದ ಎಡಗಾಲೇ ಮೊದಲು ಒಳಗೆ ಹೋಗಬೇಕು, ಬಾಗಿಲು ಉದ್ದವಿಲ್ಲದೆ ಅದು ಸಾಧ್ಯವೇ ಇಲ್ಲ. ನೀವು ಎಂಜಿನಿಯರು, ಇದಕ್ಕೂ ಲೆಕ್ಕ ಹಾಕಿ ನೋಡಿ.

ನಿಮ್ಮಣ್ಣನ ಕಾರನ್ನು ಹಾಗೇ ಉಳಿಸಿದರೆ ಅದು ಶೆಡ್ಡಿನಲ್ಲಿ ಉಳಿಯುತ್ತದೆ. ನಾನು ಹೊರಗೆ ಉಳಿಯುತ್ತೇನೆ. ಈಗ ಹೇಳಿ.

ಶಾಂತಕುಮಾರಿ


ಭಿಲಾಯಿ
19 ಜೂನ್ 2025

ಪೂಜ್ಯ ಅತ್ತಿಗೆಯವರಿಗೆ,

ಉತ್ತರಿಸಲು ಒಂದು ತಿಂಗಳು ದಾಟಿತು. ಮೊದಲು ಸಿಟ್ಟು ಬಂದಿತ್ತು. ಎರಡು ಪತ್ರ ಬರೆದು ಹರಿದು ಹಾಕಿದೆ. ಆಮೇಲೆ ತಾವು ಹೇಳಿದಂತೆ ಲೆಕ್ಕ ಹಾಕಿ ನೋಡಿದೆ. ತಮ್ಮ ಮಾತು ಸರಿ. ಬಾಗಿಲು ಉದ್ದವಾಗದೆ ಬಲಗಡೆಯಿಂದ ಆ ಕಾಲು ಒಳಗೆ ಹೋಗುವುದಿಲ್ಲ.

ಇಲ್ಲಿ ಯಾರಿಗೂ ಹೇಳದ ಮಾತೊಂದನ್ನು ತಮಗೆ ಹೇಳುತ್ತಿದ್ದೇನೆ. ನಾನು ಕಾರು ಓಡಿಸುವುದನ್ನು ಬಿಟ್ಟಿದ್ದೇನೆ. ನೋಟದ ನಡುಭಾಗದಲ್ಲೇ ಮಸುಕು, ಸರಿಹೋಗುವಂಥದ್ದಲ್ಲ. ಬೀಗದ ಕೈ ಮಗನಿಗೆ ಕೊಟ್ಟ ದಿನ ಊಟ ಸೇರಲಿಲ್ಲ. ಈಗ ಎಲ್ಲರೂ ನನಗೆ ‘ಹಾಯಾಗಿ ಕೂತ್ಕೊಳ್ಳಿ’ ಅನ್ನುತ್ತಾರೆ. ತಮ್ಮ ಪತ್ರದಲ್ಲಿ ಆ ಮಾತು ಓದಿದಾಗ ನನಗೇ ನಾಚಿಕೆಯಾಯಿತು. ಬೆಂಗಳೂರಿನಲ್ಲಾದರೂ ಆ ಕಾರು ನಾನು ಬಿಟ್ಟು ಬಂದ ಹಾಗೇ ಇರಲಿ ಎಂಬ ಆಸೆಯಿಂದ ತಮ್ಮನ್ನು ಹೊರಗೆ ನಿಲ್ಲಿಸಿದ್ದೆ.

ಕತ್ತರಿಸಿ. ಆದರೆ ಒಂದು ಷರತ್ತು. ಈ ಕಾರಿಗೆ ಬೇರೆ ಚೌಕಟ್ಟಿಲ್ಲ, ಮೈಯೇ ಚೌಕಟ್ಟು. ನಡುವಿನ ಕಂಬ ತೆಗೆದರೆ ನಡು ಕುಸಿಯುತ್ತದೆ. ಕಾರನ್ನು ಮೇಲೆತ್ತಿ ನಿಲ್ಲಿಸಿಕೊಂಡು ಕತ್ತರಿಸಬೇಡಿ, ತನ್ನ ನಾಲ್ಕು ಚಕ್ರದ ಮೇಲೆ ನಿಂತಿರಲಿ. ಒಳಗೆ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಗಟ್ಟಿ ಪೈಪುಗಳನ್ನು ಬೆಸೆದ ಮೇಲೆಯೇ ಗರಗಸ ಮುಟ್ಟಬೇಕು. ನಕ್ಷೆ ಇಟ್ಟಿದ್ದೇನೆ. ದಯವಿಟ್ಟು ಅವಸರ ಮಾಡಬೇಡಿ.

ವೆಂಕಟಾಚಲ


ಇಂದಿರಾನಗರ
24 ಜೂನ್ 2025

ವೆಂಕಟಾಚಲ ಅವರೇ,

ನಿಮ್ಮ ಪತ್ರಕ್ಕೆ ಕಾದೆ, ಕಾದೆ. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ತಲೆ ಆಡಿಸುತ್ತಾನೆ. ನೀವು ಬರೆಯುವುದಿಲ್ಲ ಅಂತ ಗೊತ್ತಾಯಿತು. ಕೇಳಿಸದ್ದಕ್ಕೆ ನೀವು ‘ಆಯ್ತು’ ಅನ್ನುವವರು, ಬರೆಯದ್ದನ್ನು ನಾನೂ ‘ಆಯ್ತು’ ಅಂತ ತಿಳಿದುಕೊಂಡೆ.

ಅನುಮತಿ ಸಿಕ್ಕಿದೆ. ನಿನ್ನೆ ಕತ್ತರಿಸಿಯಾಯಿತು.

ಗಯಾಜ್ ಇನ್ನೂ ಸ್ವಲ್ಪ ದಿನ ತಡೆಯಿರಿ ಅಂದರು. ಒಳಗೆ ಏನೋ ಪೈಪು ಕೊಡಬೇಕಂತೆ, ಅದು ಬರಬೇಕಂತೆ. ಗುರುವಾರದಿಂದ ಆಷಾಢ ಕಣ್ರೀ, ಆಷಾಢದಲ್ಲಿ ಯಾರಾದರೂ ಹೊಸ ಕೆಲಸಕ್ಕೆ ಕೈ ಹಾಕುತ್ತಾರೆಯೇ? ಬುಧವಾರ ಅಮಾವಾಸ್ಯೆ. ಸೋಮವಾರ ಒಳ್ಳೆಯ ಹೊತ್ತಿತ್ತು. “ಪೈಪ್ ಆಮೇಲೆ ಹಾಕ್ಕೊಳ್ಳಿ, ಮೊದ್ಲು ಗರಗಸ ಇಡಿ” ಅಂತ ನಾನೇ ಪಟ್ಟು ಹಿಡಿದೆ. ಅವರು ತಲೆ ಕೆರೆದುಕೊಂಡು, “ನಿಮ್ ಶಾಸ್ತ್ರಕ್ಕೆ ನಾನ್ ಅಡ್ಡ ಬರಲ್ಲ ಅಮ್ಮಾ” ಅಂದು ಕಾರನ್ನು ಮುಂದೊಂದು ಹಿಂದೊಂದು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದರು. ಕುಂಕುಮ ಇಟ್ಟೆ, ಕರ್ಪೂರ ಹಚ್ಚಿದೆ. ಕಿಡಿ ಹಾರಿತು. ಎರಡೂ ಬದಿಯ ಕಂಬಗಳನ್ನು ತೆಗೆದರು. ನನಗೆ ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಆ ದೊಡ್ಡ ಖಾಲಿ ಜಾಗ ನೋಡಿ ಖುಷಿಯಾಯಿತು.

ಸಿಟ್ಟಿದ್ದರೆ ಬೈದು ಬರೆಯಿರಿ. ಸುಮ್ಮನಿರಬೇಡಿ.

ಶಾಂತಕುಮಾರಿ


ಇಂದಿರಾನಗರ
1 ಜುಲೈ 2025

ವೆಂಕಟಾಚಲ ಅವರೇ,

ನಿಮ್ಮ ಹತ್ತೊಂಬತ್ತನೇ ತಾರೀಕಿನ ಪತ್ರ ಶುಕ್ರವಾರ ಬಂತು. ಓದಿ ಹಾಗೇ ಕೂತುಬಿಟ್ಟೆ. ನಿಮ್ಮ ಕಣ್ಣಿನ ಸುದ್ದಿ ಓದಿ ಒಂದು ಸಲ, ಪೈಪಿನ ವಿಷಯ ಓದಿ ಇನ್ನೊಂದು ಸಲ.

ನೀವು ಬರೆದ ಹಾಗೇ ಆಗಿದೆ. ನಡು ಕುಸಿದಿದೆ. ಗಯಾಜ್ ಉದ್ದ ಮಾಡಿಟ್ಟಿದ್ದ ಬಾಗಿಲು ಚೌಕಟ್ಟಿನೊಳಗೆ ಕೂರುತ್ತಿಲ್ಲ. ಮೇಲೆ ಬೆರಳು ತೂರುವುದಿಲ್ಲ, ಕೆಳಗೆ ಕೈ ತೂರುತ್ತದೆ. ಎರಡು ದಿನದಿಂದ ಅವರು ನನ್ನ ಮುಖ ನೋಡುತ್ತಿಲ್ಲ. “ನಾನು ಬೇಡ ಅನ್ಬೇಕಿತ್ತು ಅಮ್ಮಾ” ಅನ್ನುತ್ತಾರೆ. ಅಂದಿದ್ದರು, ನಾನು ಕೇಳಲಿಲ್ಲ. ಅವರದೇನೂ ತಪ್ಪಿಲ್ಲ, ಎಲ್ಲ ನನ್ನ ಅವಸರ. ಆಷಾಢಕ್ಕೆ ಹೆದರಿ ಕಾರನ್ನೇ ಮುರಿದೆ.

ನಿನ್ನೆ ಗ್ಯಾರೇಜಿಗೆ ಹೋಗಿ ಒಂದು ಸ್ಟೂಲಿನ ಮೇಲೆ ಕೂತು ಅದನ್ನೇ ನೋಡಿದೆ. ನಿಮಗೆ ಬೇಕಿದ್ದ ಹಳೇ ಕಾರೂ ಇಲ್ಲ, ನನಗೆ ಬೇಕಿದ್ದ ಹೊಸದೂ ಇಲ್ಲ. ಯಾವತ್ತಿನ ಹಾಗೆ ಜಗಳ ಆಡುವ ಶಕ್ತಿ ಇಲ್ಲ. ಏನಾದರೂ ದಾರಿ ಇದೆಯೇ? ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಿರಿ, ತಡೆದುಕೊಳ್ಳುತ್ತೇನೆ.

ಶಾಂತಕುಮಾರಿ


ಭಿಲಾಯಿ
8 ಜುಲೈ 2025
(ಸ್ಪೀಡ್ ಪೋಸ್ಟ್)

ಅತ್ತಿಗೆ,

ಬೈಯುವುದನ್ನು ಸದ್ಯಕ್ಕೆ ಮುಂದಕ್ಕೆ ಹಾಕಿದ್ದೇನೆ. ದಾರಿ ಇದೆ.

ಲೋಹ ಬಾಗಿದೆ ಅಷ್ಟೇ, ಮುರಿದಿಲ್ಲ. ಬಾಗಿದ್ದನ್ನು ಬಾಗಿದ ದಾರಿಯಲ್ಲೇ ವಾಪಸು ತರಬೇಕು. ಗಯಾಜ್‌ಗೆ ಹೀಗೆ ಹೇಳಿ. ನಡುವಿನ ಕೆಳಗೆ, ಎರಡೂ ಬದಿಗೆ ಒಂದೊಂದು ಜಾಕ್ ಇಡಲಿ. ತಗಡಿಗೆ ನೇರವಾಗಿ ಒತ್ತಬಾರದು, ಉದ್ದನೆಯ ಮರದ ತೊಲೆ ಇಟ್ಟು ಅದರ ಮೇಲೆ ಒತ್ತಲಿ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಎತ್ತಲಿ. ಪ್ರತಿ ಸಲ ಎತ್ತಿದ ಮೇಲೆ ಬಾಗಿಲ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡವಾಗಿ ಅಳೆಯಲಿ. ಅಳತೆ ನಕ್ಷೆಯಲ್ಲಿನ ಅಂಕಿಗೆ ಸರಿಯಾದ ಕ್ಷಣ ನಿಲ್ಲಿಸಿ ಪೈಪು ಬೆಸೆಯಲಿ. ಆಮೇಲೆ ಹೊಸ ಕಂಬಗಳು, ಆಮೇಲೆ ಕೆಳಗಿನ ಪಟ್ಟಿಯೊಳಗೆ ದಪ್ಪ ತಗಡು. ನಕ್ಷೆಗಳನ್ನು ದೊಡ್ಡದಾಗಿ ತೆಗೆದಿದ್ದೇನೆ. ಗೆರೆಗಳು ಸ್ವಲ್ಪ ಸೊಟ್ಟಗಿವೆ, ಭೂತಗನ್ನಡಿ ಹಿಡಿದು ಎಳೆದದ್ದು. ಅಂಕಿಗಳು ಸರಿಯಾಗಿವೆ, ಮೂರು ಸಲ ನೋಡಿದ್ದೇನೆ.

ಅಳತೆಗಳನ್ನು ಗಯಾಜ್ ಕೈಯಲ್ಲೇ ಫೋನ್ ಮಾಡಿಸಿ. ಅವರ ದನಿ ದೊಡ್ಡದು, ನನಗೆ ಕೇಳಿಸುತ್ತದೆ.

ತಾವು ಸ್ಟೂಲಿನ ಮೇಲೆ ಕೂತು ನೋಡಬೇಡಿ. ಮನೆಗೆ ಹೋಗಿ ಊಟ ಮಾಡಿ.

ವೆಂಕಟಾಚಲ


ಇಂದಿರಾನಗರ
11 ಆಗಸ್ಟ್ 2025

ಪ್ರಿಯ ವೆಂಕಟಾಚಲ ಅವರಿಗೆ,

ಕೂತಿತು!

ಗಯಾಜ್ ಆಗಲೇ ಫೋನಿನಲ್ಲಿ ಕಿರುಚಿ ಹೇಳಿರುತ್ತಾರೆ, ಆದರೂ ನಾನು ಬರೆಯಬೇಕು. ಜಾಕನ್ನು ಒಂದೊಂದೇ ಸುತ್ತು ತಿರುಗಿಸುವಾಗ ಕಾರು ನರಳುತ್ತಿತ್ತು. ನೀವು ಆ ಕಡೆಯಿಂದ “ಸಾಕು, ಇವತ್ತಿಗೆ ಸಾಕು” ಅನ್ನುತ್ತಿದ್ದಿರಿ, ಗಯಾಜ್ ಈ ಕಡೆಯಿಂದ “ಸಾಬ್, ಇನ್ನೊಂದ್ ಸೂತ್ ಎತ್ತೋದ್ ಬಾಕಿ ಐತೆ” ಅನ್ನುತ್ತಿದ್ದರು. ನೀವಿಬ್ಬರೂ ಸೇರಿ ನನ್ನನ್ನು ಗ್ಯಾರೇಜಿನಿಂದ ಆಚೆಗೆ ಹಾಕಿದ್ದು ಮಾತ್ರ ನಾನು ಮರೆಯುವುದಿಲ್ಲ. ಕೊನೆಗೆ ಕಂಬಗಳು ಹಿಂದಕ್ಕೆ ಹೋಗಿ ನಿಂತವು, ಕೆಳಗೆ ದಪ್ಪ ತಗಡು ಬಿತ್ತು. ಮೊನ್ನೆ ಬಾಗಿಲು ಸಿಕ್ಕಿಸಿದ್ದಾರೆ. ಗಯಾಜ್ ಅದನ್ನು ಒಂದು ಬೆರಳಿನಿಂದ ತಳ್ಳಿದರು. ಮೆತ್ತಗೆ ಹೋಗಿ ‘ಠಪ್’ ಅಂತ ಮುಚ್ಚಿಕೊಂಡಿತು. ಗ್ಯಾರೇಜಿನವರೆಲ್ಲ ಚಪ್ಪಾಳೆ ಹೊಡೆದರು.

ಆಮೇಲೆ ನನ್ನ ಸರದಿ. ಹೊಸ ಬಾಗಿಲು ತೆಗೆದರೆ ಅಂಗಡಿಯ ಶಟರಿನಷ್ಟು ಅಗಲ. ಸೀಟಿನ ಅಂಚಿನ ಮೇಲೆ ಕೂತೆ. ಹಿಂದಕ್ಕೆ ಸರಿದೆ. ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗೆ ತಂದೆ. ಎಲ್ಲೂ ತಾಗಲಿಲ್ಲ. ಎಲ್ಲೂ! ಬಾಗಿಲು ಎಳೆದುಕೊಂಡೆ. ಯಾರೂ ತಳ್ಳಲಿಲ್ಲ, ಯಾರೂ ಹಿಡಿಯಲಿಲ್ಲ. ನಾನೊಬ್ಬಳೇ ಒಳಗಿದ್ದೆ. ಈ ಸಲ ಅಲ್ಲಿಯೇ, ಎಲ್ಲರ ಎದುರೇ ಅತ್ತೆ.

ಬಣ್ಣ ಬಾಕಿ, ಕ್ಲಚ್ಚಿನ ಗುಂಡಿ ಬಾಕಿ, ಪರೀಕ್ಷೆಗೆ ಅಧಿಕಾರಿಗಳು ಬರಬೇಕು. ಫೋಟೋ ಇಟ್ಟಿದ್ದೇನೆ. ಭೂತಗನ್ನಡಿ ಹಿಡಿದು ನೋಡಿ, ನಿಮ್ಮ ಅಭಿಪ್ರಾಯ ಇದ್ದದ್ದು ಇದ್ದ ಹಾಗೆ ಬರೆಯಿರಿ. ಮುಲಾಜು ಬೇಡ.

ನಿಮ್ಮ ಅತ್ತಿಗೆ,
ಶಾಂತಕುಮಾರಿ


ಭಿಲಾಯಿ
5 ಸೆಪ್ಟೆಂಬರ್ 2025

ಅತ್ತಿಗೆಗೆ ನಮಸ್ಕಾರ.

ಮುಲಾಜು ಬೇಡ ಅಂದಿದ್ದೀರಿ. ಹಿಂದಿನ ಕಿಟಕಿಯ ಮೂಲೆ ಸರಿಯಾಗಿಲ್ಲ, ಇನ್ನೂ ಸ್ವಲ್ಪ ಓರೆಯಾಗಬೇಕಿತ್ತು. ಹಿಂದಿನ ಸೀಟಿಗೆ ಹೋಗುವವರು ಇನ್ನು ತೆವಳಬೇಕು. ಮೂಲರೂಪವನ್ನು ಬಲ್ಲ ಯಾರೇ ನೋಡಿದರೂ ಬೇಸರ ಪಡುತ್ತಾರೆ, ನಾನೂ ಪಟ್ಟೆ. ಆಮೇಲೆ ಮತ್ತೆ ನೋಡಿದೆ. ಉದ್ದ ಬಾಗಿಲು, ಉದ್ದ ಬಾನೆಟ್ಟು, ನೆಲಕ್ಕೆ ತಗ್ಗಿದ ಮೈ. ಓಡಲು ಕಾದು ನಿಂತ ಹಾಗಿದೆ. ಮೊಮ್ಮಗಳು ತನ್ಮಯಿ ಬಂದು, “ತಾತಾ, ಇದು ಯಾವ ದೇಶದ್ದು?” ಅಂದಳು. “ನಮ್ಮ ಶಿವಾಜಿನಗರದ್ದು” ಅಂದೆ. ನನಗೇ ಗೊತ್ತಿಲ್ಲದೆ ದನಿ ಜೋರಾಗಿತ್ತು.

ಒಂದು ಕೇಳಿಕೆ ಇದೆ. ಆ ಕಾರು ಐದನೇ ಗೇರಿಗೆ ಬೀಳುವಾಗ ಒಂದು ಸುಖವಿದೆ. ಅದು ನನಗೆ ಇನ್ನು ಸಿಗುವುದಿಲ್ಲ. ತಾವು ಓಡಿಸಿದ ಮೇಲೆ ಹೇಗಿತ್ತು ಎಂದು ಬರೆಯಿರಿ. ಚುಟುಕಾಗಿ ಬೇಡ, ವಿವರವಾಗಿ ಬರೆಯಿರಿ.

ವೆಂಕಟಾಚಲ


ಹೊಸಕೋಟೆಯ ಆಚೆ, ಹೆದ್ದಾರಿ ಬದಿ
1 ಅಕ್ಟೋಬರ್ 2025, ಆಯುಧಪೂಜೆ

ಪ್ರಿಯ ವೆಂಕಟಾಚಲ ಅವರಿಗೆ,

ಟೀ ಅಂಗಡಿಯ ಎದುರು, ಕಾರಿನಲ್ಲೇ ಕೂತು, ಸ್ಟೀರಿಂಗಿನ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಿಮ್ಮ ಗೆರೆಗಳ ಜೊತೆ ಸರಿ ಹೊಂದುತ್ತದೆ.

ಬೆಳಿಗ್ಗೆ ಪೂಜೆ ಆಯಿತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆವು. ಗಯಾಜ್ ಸಂಸಾರ ಸಮೇತ ಬಂದು ಕುಂಬಳಕಾಯಿ ತಾನೇ ಒಡೆಯುತ್ತೇನೆ ಅಂತ ಹಟ ಹಿಡಿದರು, ಒಡೆದರು. ಚಿನ್ಮಯಿ ಎಡಗಡೆ ಕೂತಳು. ಹೊರಟೆ.

ಓಲ್ಡ್ ಮದ್ರಾಸ್ ರೋಡಿನಲ್ಲಿ ಬೈಯಪ್ಪನಹಳ್ಳಿ ದಾಟುವ ತನಕ ಎಲ್ಲ ಸಲೀಸು. ಟಿನ್ ಫ್ಯಾಕ್ಟರಿ ಬಂತು. ರಜೆಯಾದರೂ ಬಸ್ಸುಗಳು ಒಂದರ ಪಕ್ಕ ಒಂದು, ನಡುವೆ ಆಟೋಗಳು. ನಾನು ಬಿದ್ದ ಜಾಗದಲ್ಲೇ ಎಲ್ಲ ನಿಂತುಹೋಯಿತು. ಸುಳ್ಳು ಹೇಳುವುದಿಲ್ಲ, ಭಯವಾಯಿತು. ಅಂಗೈ ಬೆವರಿ ಗುಂಡಿ ಜಾರುತ್ತಿತ್ತು. ಹಿಂದಿನ ಬಸ್ಸು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಚಿನ್ಮಯಿ, “ಅಮ್ಮಾ, ವಾಪಸ್ ಹೋಗ್ಬಿಡೋಣ್ವಾ?” ಅಂದಳು.

“ಸುಮ್ನೆ ಕೂತ್ಕೊಳೇ” ಅಂದೆ. ಮುಂದೆ ಜಾಗ ಬಿಟ್ಟಿತು. ಗುಂಡಿ ಒತ್ತಿದೆ, ಮೊದಲನೇ ಗೇರು, ನುಗ್ಗಿದೆ. ಪಕ್ಕದ ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, “ಆಹಾ, ಏನ್ ಗಾಡಿ ಅಮ್ಮಾ! ಹೋಗಿ, ಮೊದ್ಲು ನೀವ್ ಹೋಗಿ!” ಅಂತ ಕೈ ಬೀಸಿ ದಾರಿ ಬಿಟ್ಟ. ಬಿ.ಎಂ.ಟಿ.ಸಿ. ಡ್ರೈವರು ದಾರಿ ಬಿಟ್ಟ ಅಂತ ಬರೆದರೆ ನೀವು ನಂಬುವುದಿಲ್ಲ. ಚಿನ್ಮಯಿ ಸಾಕ್ಷಿ.

ಕೆ.ಆರ್. ಪುರದ ಸೇತುವೆ ಹತ್ತಿ ಇಳಿದು ತಿರುಗಿ ಬರುವುದು ಅಂತ ಮನೆಯಲ್ಲಿ ಮಾತಾಗಿತ್ತು. ಆದರೆ ಊರೊಳಗೆ ಮೂರನೇ ಗೇರಿನ ಆಚೆಗೆ ಯಾರು ಬಿಡುತ್ತಾರೆ? ನೀವು ಕೇಳಿದ್ದು ಐದನೆಯದನ್ನು. ಹೊಸಕೋಟೆ ದಾಟಿದ ಮೇಲೆ ರಸ್ತೆ ಬಿಚ್ಚಿಕೊಂಡಿತು. ನಾಲ್ಕನೆಯದರಲ್ಲಿ ಎಂಜಿನ್ ಸ್ವಲ್ಪ ಗೊಣಗುತ್ತಿತ್ತು. ಗುಂಡಿ ಒತ್ತಿ ಹಿಡಿಯನ್ನು ಬಲಕ್ಕೆ ತಂದು ಮೇಲೆ ತಳ್ಳಿದೆ. ತಾನಾಗಿಯೇ ಎಳೆದುಕೊಂಡ ಹಾಗೆ ಹೋಗಿ ಕೂತಿತು. ಆಗ ಗೊಣಗಾಟವೆಲ್ಲ ನಿಂತುಹೋಯಿತು ವೆಂಕಟಾಚಲ ಅವರೇ. ಸದ್ದು ಕೆಳಗಿಳಿಯಿತು, ವೇಗ ಇಳಿಯಲಿಲ್ಲ. ಸ್ಟೀರಿಂಗು ಕೈಯಲ್ಲಿ ಹಗುರವಾಯಿತು. ನೀವು ಒಳಗೆ ಇಡಿಸಿದ ದಪ್ಪ ತಗಡಿನಿಂದಲೋ ಏನೋ, ಹಳ್ಳ ಬಂದರೂ ಬಾಗಿಲು ಕಿರ್ರೆನ್ನಲಿಲ್ಲ. ಬಾನೆಟ್ಟಿನ ಮೇಲೆ ಆಕಾಶ ಪೂರ್ತಿ ಬಿದ್ದಿತ್ತು. ನಾನು ಜೋರಾಗಿ ನಕ್ಕೆ. ಈ ಮಡಚದ ಕಾಲನ್ನು ಉದ್ದಕ್ಕೆ ಚಾಚಿಕೊಂಡು, ಅರವತ್ತು ದಾಟಿದ ಹೆಂಗಸು, ಹುಚ್ಚಿಯ ಹಾಗೆ ನಕ್ಕೆ. ನೀವು ಹೇಳಿದ ಸುಖ ಇದೇ ತಾನೇ? ಇದೇ ಆಗಿದ್ದರೆ ಅದು ಹಾಗೇ ಇದೆ, ಒಂದಿಷ್ಟೂ ಬದಲಾಗಿಲ್ಲ.

ಟೀ ಮುಗಿಯಿತು. ಚಿನ್ಮಯಿ ಮನೆ ಕಡೆ ತಿರುಗಿಸು ಅನ್ನುತ್ತಿದ್ದಾಳೆ, ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕಾಯುತ್ತಿದ್ದಾರಂತೆ. ಕಾಯಲಿ. ಪೆಟ್ರೋಲ್ ಇದೆ, ಬಿಸಿಲಿದೆ, ಮುಂದೆ ಕೋಲಾರದ ತನಕ ರಸ್ತೆ ಖಾಲಿ ಇದೆ. ನಾನು ಆ ಕಡೆಗೇ ಹೊರಟಿದ್ದೇನೆ.

ನಿಮ್ಮ ಅತ್ತಿಗೆ,
ಶಾಂತಕುಮಾರಿ